ಹೆಣ್ಣು ಕುದುರೆಯ ಬೆದೆಯೂ ಗಬ್ಬವೂ

ಹಸುವನ್ನು ಬಲ್ಲ ರೈತನು ಕುದುರೆಯನ್ನೂ ಬಲ್ಲನೆಂದು ಎಣಿಸುವುದು ಸಹಜವಾಗಿದೆ. ಎರಡಕ್ಕೂ ಬೆದೆಯು ಸುಮಾರು 21 ದಿವಸಗಳಿಗೊಮ್ಮೆ ಬರುವುದರಿಂದ ಈ ಎಣಿಕೆಯು ಮತ್ತಷ್ಟು ಬಲಪಡುತ್ತದೆ. ಆದರೆ ಹೆಣ್ಣು ಕುದುರೆಯನ್ನು ಹಸುವಿನ ಲೆಕ್ಕದಲ್ಲಿ ಗಂಡಿಗೆ ಕೊಡಿಸುವವರಿಗೆ ಅನೇಕ ವೇಳೆ ಆ ವರ್ಷದ ಮರಿಯು ದಕ್ಕುವುದಿಲ್ಲ. ಹುರುಳಿ, ಹುಲ್ಲು, ಆಳಿನ ಸಂಬಳ ಇವೆಲ್ಲವೂ ನಡೆಯುತ್ತಲೇ ಇದ್ದು, ಲಾಯದಲ್ಲಿ ಮರಿಯಿಲ್ಲದೆ ವರ್ಷ ಕಳೆಯುವುದು ಸಾಮಾನ್ಯವಾದ ನಷ್ಟವಲ್ಲ. ಕುದುರೆಯನ್ನು ಸಾಕತಕ್ಕ ಜಮೀನುದಾರರೂ ಗ್ರಾಮದ ಮುಖಂಡರೂ ಈ ವ್ಯತ್ಯಾಸವನ್ನು ಚೆನ್ನಾಗಿ ಗ್ರಹಿಸಿರುವುದು ಅವಶ್ಯಕ.

ಹಸುವಿನ ಬೆದೆಯು ಒಂದು ದಿವಸವೂ ಪೂರ್ತಿಯಾಗಿ ನಿಲ್ಲುವುದಿಲ್ಲ. ಅದರ ಅಂಡವು ಬೆದೆ ಇಳಿದ ಮೇಲೆ, ಹತ್ತು ಹನ್ನೆರಡು ಗಂಟೆಗಳ ತರುವಾಯ ಹೊರಬೀಳುತ್ತದೆ. ಕುದುರೆಯಲ್ಲಾದರೋ ಬೆದೆಯು 5ರಿಂದ 7 ದಿವಸಗಳವರೆಗೆ ಇರುತ್ತದೆ; ಅಂಡವು ಬೆದೆ ಮುಗಿಯುವುದಕ್ಕೆ 24ರಿಂದ 48 ಗಂಟೆಗಳಷ್ಟು ಮೊದಲೇ ಹೊರಬೀಳುತ್ತದೆ. ಹೊರಬಿದ್ದ ಅಂಡವು ಅರ್ಧ ದಿವಸಕ್ಕಿಂತ ಹೆಚ್ಚು ಕಾಲ ಫಲಿಸುವ ಶಕ್ತಿಯನ್ನು ಉಳಿಸಿಕೊಳ್ಳುವುದು ಅಪರೂಪ. ಗಂಡಿನ ಬೀಜವು ಸಾಮಾನ್ಯವಾಗಿ ಎರಡು ದಿವಸಗಳ ಕಾಲ ಹೆಣ್ಣಿನ ಒಡಲಿನಲ್ಲಿ ಬದುಕಿರಬಲ್ಲದು. ಆದಕಾರಣ ಬೀಜವು ಮುಂಚಿತವಾಗಿ ಹೋಗಿ ಅಂಡಕ್ಕಾಗಿ ಕಾದಿರಬೇಕೇ ಹೊರತು ಅಂಡವು ಬೀಜಕ್ಕಾಗಿ ಕಾಯಲಾರದು. ಬೆದೆ ಕಂಡ ದಿವಸವೇ ಒಂದು ಸಲ ಕೊಡಿಸಿ, ಕೆಲಸ ಮುಗಿಯಿತೆಂದು ಹಿಂದಿರುಗುವವರ ಕುದುರೆಯಲ್ಲಿ ಬೀಜವು ಸತ್ತ ಮೇಲೆ ಅಂಡವು ಬರುತ್ತದೆ. ಬೆದೆಯ ಎರಡನೆಯ ಅಥವಾ ಮೂರನೆಯ ದಿವಸದಿಂದ ಮೊದಲ್ಗೊಂಡು, ಹೆಣ್ಣು ಗಂಡನ್ನು ಒಲ್ಲೆನ್ನುವವರೆಗೆ ದಿನ ಬಿಟ್ಟು ದಿನ ಕೊಡಿಸುವುದು ನಂಬತಕ್ಕ ಕ್ರಮ. ಪಶುವೈದ್ಯರು ಅಂಡಾಶಯವನ್ನು ಪರೀಕ್ಷಿಸಿ ಅಂಡವು ಬಲಿತಿರುವುದನ್ನು ತಿಳಿಸಿದರೆ ಒಂದೇ ಸಲ ಸಾಕಾಗುವುದೂ ಉಂಟು.

ಬೆದೆಯ ಗುರುತುಗಳಲ್ಲಿಯೂ ಹಸುವಿನ ಅನುಭವವು ಸಹಾಯಕ್ಕೆ ಬಾರದು. ಹಸುವು ಕೂಗುತ್ತದೆ, ಮಂದೆಯಲ್ಲಿ ಇತರ ದನಗಳು ಮೇಲೇರಿದರೆ ನಿಲ್ಲುತ್ತದೆ. ಒಂಟಿಯಾಗಿ ಕಟ್ಟಿದ ಹೆಣ್ಣು ಕುದುರೆಯು ಅನೇಕ ವೇಳೆ ಏನನ್ನೂ ತೋರಿಸದು. ಅದನ್ನು ಬಲವಾದ ಬೇಲಿಯ ಆಚೆಯಿಂದ ಗಂಡಿಗೆ ಎದುರಾಗಿ ನಿಲ್ಲಿಸಿ ನೋಡಬೇಕು. ಬೆದೆಯಲ್ಲಿದ್ದರೆ ಬಾಲವನ್ನೆತ್ತಿ, ಹಿಂಗಾಲುಗಳನ್ನು ಅಗಲಿಸಿ, ಸ್ವಲ್ಪ ಸ್ವಲ್ಪವಾಗಿ ಮೂತ್ರ ಬಿಡುತ್ತ, ಯೋನಿದ್ವಾರವನ್ನು ಮೇಲಿಂದ ಮೇಲೆ ತೆರೆದು ಮುಚ್ಚುತ್ತದೆ. ಇಲ್ಲದಿದ್ದರೆ ಕಿವಿಗಳನ್ನು ಹಿಂದಕ್ಕೆ ಒತ್ತಿ ಚೀರಿ ಒದೆಯುತ್ತದೆ. ಮೊದಲ ಸಲ ಮರಿ ಹಾಕಿದ ತಾಯಿಯು ಮರಿಯ ಚಿಂತೆಯಿಂದ ಬೆದೆಯಲ್ಲಿದ್ದರೂ ಒದೆಯಬಹುದು. ಇಂಥದನ್ನು ಒಂದೇ ದಿವಸ ನೋಡಿ ತೀರ್ಮಾನಿಸಕೂಡದು.

ಕುದುರೆಯು ಹಗಲು ಬೆಳೆಯುವ ಕಾಲದಲ್ಲಿ ಬೆದೆಗೆ ಬರುವ ಪ್ರಾಣಿ. ಲಂಡನ್ ನಗರದಲ್ಲಿ ಜೂನ್ ತಿಂಗಳಿನ ಹಗಲಿಗೂ ಡಿಸೆಂಬರ್ ತಿಂಗಳಿನ ಹಗಲಿಗೂ ಒಂಬತ್ತು ಗಂಟೆಗಳಿಗೆ ಸಮೀಪವಾದ ಅಂತರವಿರುವುದರಿಂದ ಅಂಥ ಸೀಮೆಯಲ್ಲಿ ಚಳಿಗಾಲದಲ್ಲಿ ಬಹುಪಾಲು ಕುದುರೆಗಳ ಅಂಡಾಶಯವು ನಿದ್ರಿಸುತ್ತದೆ. ಬೆಂಗಳೂರಿನಲ್ಲಿ ಈ ಅಂತರವು ಒಂದೂವರೆ ಗಂಟೆ ಮಾತ್ರ. ಇಂತಹ ಉಷ್ಣ ಸೀಮೆಗಳಲ್ಲಿ ವರ್ಷದ ಬಹುಭಾಗ ಬೆದೆಯು ಬರಬಹುದಾದರೂ, ಮೇವಿಲ್ಲದೆ ಪಕ್ಕೆಲುಬು ಎದ್ದು ಕಾಣುವಷ್ಟು ಬಡವಾದ ಕುದುರೆಯಲ್ಲಿ ಅದು ನಿಂತುಹೋಗುತ್ತದೆ. ನಿಂತ ಬೆದೆಯು ಪುನಃ ಮೊದಲಾಗುವಾಗ ಎರಡು ಮೂರು ವಾರ ಎಡೆಬಿಡದೆ ಕಂಡರೂ ಅಂಡವು ಹೊರಬೀಳದಿರುವುದುಂಟು. ಆಗ ಗಂಡಿಗೆ ಕೊಡಿಸಿ ಫಲವಿಲ್ಲ. ಜೂಜಿನ ಓಟದ ಕುದುರೆಗಳ ವಯಸ್ಸನ್ನು ಜನವರಿ 1ರಿಂದ ಎಣಿಸುವುದರಿಂದ, ಅವುಗಳ ಒಡೆಯರು ವರ್ಷಾರಂಭದಲ್ಲಿಯೇ ಮರಿಯನ್ನು ಪಡೆಯಲು ಲಾಯದಲ್ಲಿ ದೀಪವಿಟ್ಟು ಹಗಲನ್ನು 16 ಗಂಟೆಗಳಿಗೆ ಬೆಳೆಸುತ್ತಾರೆ. ಹಳ್ಳಿಯ ಒಡೆಯನಿಗೆ ದೀಪದ ಖರ್ಚಿಗಿಂತ ಹುರುಳಿಯ ಖರ್ಚೇ ಮೇಲು.

ಇನ್ನು ಎಲ್ಲಕ್ಕಿಂತಲೂ ಹೆಚ್ಚಾಗಿ ಮೋಸಗೊಳಿಸತಕ್ಕ ಸಂಗತಿ ಒಂದಿದೆ. ಮೂರು ವಾರಗಳಾದ ಮೇಲೆ ಬೆದೆ ಬಾರದಿದ್ದರೆ ಗಬ್ಬ ನಿಂತಿತೆಂದು ಒಡೆಯನು ನಿಶ್ಚಿಂತನಾಗುತ್ತಾನೆ. ಈ ನಿಶ್ಚಿಂತೆಗೆ ಆಧಾರವು ಸಾಲದು. ಕುದುರೆಯ ಪಿಂಡವು ಸುಮಾರು 16ನೆಯ ದಿವಸದವರೆಗೆ ಗರ್ಭಕೋಶದ ಎರಡು ಕೊಂಬುಗಳಲ್ಲಿಯೂ ಸುತ್ತಾಡುತ್ತ ತಾನಿರುವುದನ್ನು ತಾಯಿಯ ದೇಹಕ್ಕೆ ತಿಳಿಸಿ, ಆ ಬಳಿಕ ಒಂದೆಡೆ ನೆಲೆಯಾಗುತ್ತದೆ. ಸುಮಾರು 36ನೆಯ ದಿವಸದಿಂದ ಗರ್ಭಕೋಶದ ಒಳಗೋಡೆಯಲ್ಲಿ ಸಣ್ಣ ಬಟ್ಟಲುಗಳಂಥ ಗಂಟುಗಳು ಎದ್ದು, ಗಬ್ಬವನ್ನು ಕಾಯುವ ಒಂದು ರಸವನ್ನು ಸುರಿಸುತ್ತವೆ. ಇವು ನಾಲ್ಕನೆಯ ತಿಂಗಳಿನವರೆಗೆ ಇರತಕ್ಕವು. ಇವು ಎದ್ದ ಮೇಲೆ ಪಿಂಡವು ಸತ್ತುಹೋದರೂ ಗಂಟುಗಳು ಕೂಡಲೇ ಕರಗುವುದಿಲ್ಲ. ಕುದುರೆಯು ಗಬ್ಬವೂ ಇಲ್ಲ, ಫಲಿಸುವ ಬೆದೆಯೂ ಇಲ್ಲ ಎಂಬ ಸ್ಥಿತಿಯಲ್ಲಿ ತಿಂಗಳುಗಳನ್ನು ಕಳೆಯುತ್ತದೆ. ಇದಕ್ಕೆ ವಿರುದ್ಧವಾಗಿ, ನಿಜವಾಗಿ ಗಬ್ಬವಾದ ಕುದುರೆಯೂ ಕೆಲವು ವೇಳೆ ಬೆದೆಯ ಗುರುತುಗಳನ್ನು ತೋರಿಸುವುದುಂಟು. ಅದನ್ನು ಮತ್ತೆ ಗಂಡಿಗೆ ಕೊಡಿಸಿದರೆ ಕಂದುಹಾಕುವ ಭಯವಿದೆ.

ಆದ್ದರಿಂದ ಕೊಡಿಸಿದ 14ರಿಂದ 16 ದಿವಸಗಳಲ್ಲಿ ಒಂದು ಸಲ, 30ನೆಯ ದಿವಸದೊಳಗೆ ಇನ್ನೊಂದು ಸಲ, ಪಶುವೈದ್ಯರಿಂದ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸತಕ್ಕದ್ದು. ಅವಳಿಗಳಿದ್ದರೆ ಮೊದಲನೆಯ ಪರೀಕ್ಷೆಯಲ್ಲಿಯೇ ಒಂದನ್ನು ತೆಗೆದುಹಾಕಲು ಸಾಧ್ಯ. ಅವಳಿಯನ್ನು ಭಾಗ್ಯವೆಂದು ತಿಳಿಯುವುದು ಕುರಿಯಲ್ಲಿ ಸರಿ, ಕುದುರೆಯಲ್ಲಿ ತಪ್ಪು. ಕುದುರೆಯ ಗರ್ಭಕೋಶವು ಎರಡನ್ನು ಪೋಷಿಸಲಾರದೆ ಸಾಮಾನ್ಯವಾಗಿ ಕಡೆಯ ತಿಂಗಳುಗಳಲ್ಲಿ ಎರಡನ್ನೂ ಕಳೆದುಕೊಳ್ಳುತ್ತದೆ.

ಗಬ್ಬದ ಅವಧಿಯು ಸರಾಸರಿ 340 ದಿವಸಗಳು. 320ರಿಂದ 365ರವರೆಗೆ ಹೆಚ್ಚು ಕಡಮೆಯಾಗಬಹುದು. ಈಯುವುದಕ್ಕೆ ಒಂದೆರಡು ದಿವಸ ಮೊದಲು ಮೊಲೆಯ ತುದಿಯಲ್ಲಿ ಮೇಣದಂಥ ಹನಿಗಳು ಕಟ್ಟುವುದು ಬಹುಪಾಲು ನಂಬತಕ್ಕ ಗುರುತು. ಕುದುರೆಯು ಹೆಚ್ಚಾಗಿ ರಾತ್ರಿಯಲ್ಲಿಯೇ ಈಯುತ್ತದೆ. ನೀರು ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿಯು ಹೊರಗೆ ಬರಬೇಕು, ತಡವಾದರೆ ಹಸುವಿಗೆ ಕಾದಂತೆ ಕಾಯಕೂಡದು. ಮರಿಯು ಒಂದು ಗಂಟೆಯಲ್ಲಿ ಎದ್ದು, ಎರಡು ಗಂಟೆಗಳಲ್ಲಿ ಗಿಣ್ಣುಹಾಲನ್ನು ಕುಡಿಯಬೇಕು. ರೋಗವನ್ನು ತಡೆಯತಕ್ಕ ಶಕ್ತಿಯು ಅದಕ್ಕೆ ಆ ಹಾಲಿನಿಂದಲೇ ಬರತಕ್ಕದ್ದು. ಒಂದು ದಿವಸ ಕಳೆದರೆ ಕರುಳು ಅದನ್ನು ಹೀರಲಾರದು.

ಈದ ತರುವಾಯ 5ರಿಂದ 12 ದಿವಸಗಳೊಳಗೆ ಬರುವ ಬೆದೆಗೆ ಮರಿಬೆದೆಯೆಂದು ಹೇಳಬಹುದು. ವರ್ಷಕ್ಕೊಂದು ಮರಿ ಬೇಕಾದರೆ ಲೆಕ್ಕವು ಬಹು ಬಿಗಿಯಾಗಿದೆ: 365ರಲ್ಲಿ 340 ಕಳೆದರೆ ಉಳಿಯುವುದು 25 ದಿವಸಗಳು ಮಾತ್ರ. ಜೂನ್ 1ರಂದು ಈದ ಕುದುರೆಯು ಮರಿಬೆದೆಯಲ್ಲಿ, ಜೂನ್ 10ರಂದು ಗಬ್ಬ ನಿಂತರೆ, ಮುಂದಿನ ಮರಿಯು ಸುಮಾರು ಮೇ 16ಕ್ಕೆ ಬರುತ್ತದೆ. ಅದನ್ನು ಬಿಟ್ಟು ಜುಲೈ 1ರಂದು ನಿಂತರೆ ಜೂನ್ 6ಕ್ಕೆ. ಅದೂ ತಪ್ಪಿದರೆ ಪ್ರತಿ ಬೆದೆಗೂ ಮೂರು ವಾರಗಳಂತೆ ಹಿಂದೆ ಬೀಳುತ್ತ, ಕೆಲವು ವರ್ಷಗಳಲ್ಲಿ ಒಂದು ಮರಿಯೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಹೀಗಿದ್ದರೂ ಮರಿಬೆದೆಯಲ್ಲಿ ಗಬ್ಬ ನಿಲ್ಲುವುದು ಉಳಿದ ಬೆದೆಗಳಿಗಿಂತ ಕಡಮೆ. ಸುಖವಾಗಿ ಈದು, ಮಾಸು ಮೂರು ಗಂಟೆಗಳೊಳಗೆ ಪೂರ್ತಿಯಾಗಿ ಬಿದ್ದ ಕುದುರೆಯನ್ನು ಮಾತ್ರ ಆಗ ಕೊಡಿಸಬಹುದು. ಮಾಸು ತಡೆದದ್ದು, ಕೀವಿನಂಥ ಸ್ರಾವವುಳ್ಳದ್ದು, ಹೆರಿಗೆಯಲ್ಲಿ ಗಾಯಗೊಂಡದ್ದು ಇಂಥವನ್ನು ವೈದ್ಯರಿಗೆ ತೋರಿಸಿ, ಗರ್ಭಕೋಶವು ಶುದ್ಧವಾಯಿತೆಂದು ತಿಳಿದ ಬಳಿಕವೇ ಜುಲೈ ತಿಂಗಳ ಬೆದೆಯನ್ನು ಉಪಯೋಗಿಸಿಕೊಳ್ಳತಕ್ಕದ್ದು.