ಸರದಿ ತಪ್ಪುವ ವಿದ್ಯುತ್ ಪರಿವರ್ತಕ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುಚ್ಛಕ್ತಿ ಹರಿದುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಸುಮಾರು 147 ಕಿಲೋಮೀಟರು ಸಾಗಿದ ಅದು ಪರ್ಯಾಯ ಪ್ರವಾಹ. ನೂರೊಂದು ವರ್ಷಗಳ ತರುವಾಯ, 2003ರಲ್ಲಿ, ಅದೇ ಕೋಲಾರ ಜಿಲ್ಲೆಗೆ ಒಡಿಶಾದ ತಾಲ್ಚೇರಿನಿಂದ ಇನ್ನೊಂದು ಮಾರ್ಗ ಬಂದಿತು. ಇದರ ಉದ್ದ ಸುಮಾರು 1400 ಕಿಲೋಮೀಟರು. ಒಂದು ತಂತಿ ಧನ 500 ಕಿಲೋವೋಲ್ಟಿನಲ್ಲಿ, ಮತ್ತೊಂದು ಋಣ 500ರಲ್ಲಿ. ಹರಿಯುವುದು ನೇರ ಪ್ರವಾಹ. ಮೊದಲು 2000, ಅನಂತರ 2500 ಮೆಗಾವಾಟ್ ಸಾಮರ್ಥ್ಯದ ಈ ಮಾರ್ಗವು ಹಠಾತ್ತನೆ ನಿಂತರೆ ದಕ್ಷಿಣದ ಜಾಲಕ್ಕೆ ಬೀಳುವ ಪೆಟ್ಟು ಅಲ್ಪವಲ್ಲ.

ಮಂಡ್ಯ, ಮದ್ದೂರುಗಳಿಗೆ ಬೇಕಾದುದು ಪರ್ಯಾಯ ಪ್ರವಾಹವಾದುದರಿಂದ ಕೋಲಾರದಲ್ಲಿ ಪರಿವರ್ತನೆ ಆಗಲೇಬೇಕು. ಆ ಕೆಲಸ ಥೈರಿಸ್ಟರುಗಳದು. ಥೈರಿಸ್ಟರ್ ಒಂದು ವಿಚಿತ್ರ ಬಾಗಿಲು: ತೆರೆ ಎಂದರೆ ತೆರೆಯುತ್ತದೆ, ಮುಚ್ಚು ಎಂದರೆ ಮುಚ್ಚುವುದಿಲ್ಲ. ಪ್ರವಾಹವನ್ನು ಒಂದರಿಂದ ಮುಂದಿನದಕ್ಕೆ ತಳ್ಳಿ ಹಿಂದಿನದನ್ನು ಮುಚ್ಚಿಸುವುದು ನಮ್ಮ ಕಡೆಯ ಜಾಲದ ವೋಲ್ಟೇಜೇ. ಸಮೀಪದ ತಂತಿಯಲ್ಲಿ ದೋಷವುಂಟಾಗಿ ಆ ವೋಲ್ಟೇಜು ಕುಸಿದರೆ ತಳ್ಳುವಿಕೆ ತಡವಾಗುತ್ತದೆ. ಮುಚ್ಚಬೇಕಾದ ಬಾಗಿಲು ಮತ್ತೆ ತೆರೆದುಕೊಂಡು ಸರದಿ ತಪ್ಪುತ್ತದೆ. ಕ್ಷಣಕಾಲ ನೇರ ಪ್ರವಾಹದ ಮಾರ್ಗವೇ ಹ್ರಸ್ವಮಂಡಲವಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವುಂಟು. ಒಂದು ತಂತಿಯಲ್ಲಿ 500 ಕಿಲೋವೋಲ್ಟು, 2000 ಆಂಪೇರ್, ಅಂದರೆ 1000 ಮೆಗಾವಾಟ್ ಹರಿಯುತ್ತಿದೆಯೆನ್ನೋಣ. ವೋಲ್ಟೇಜು 400ಕ್ಕೆ ಇಳಿದಾಗ ಅಷ್ಟೇ ಸಾಮರ್ಥ್ಯ ಸಾಗಿಸಬೇಕೆಂದು ನಿಯಂತ್ರಕವು ಹಟ ಹಿಡಿದರೆ ಪ್ರವಾಹ 2500 ಆಂಪೇರಿಗೆ ಏರಬೇಕು. ಪ್ರವಾಹ ಏರಿದಷ್ಟೂ ವೋಲ್ಟೇಜು ಮತ್ತಷ್ಟು ಕುಗ್ಗುತ್ತದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರಿನ ಮಟ್ಟ ಇಳಿದಾಗ ತನ್ನ ಪಾಲು ಕುಂದಬಾರದೆಂದು ಒಬ್ಬನು ತೂಬನ್ನು ಇನ್ನಷ್ಟು ಎತ್ತಿದರೆ ಆಗುವುದೂ ಇದೇ. ಕೊನೆಭಾಗದ ಗದ್ದೆಯವರನ್ನು ಕೇಳಿದರೆ ನಮಗಿಂತ ಚೆನ್ನಾಗಿ ವಿವರಿಸಿಯಾರು!

ವೋಲ್ಟೇಜು ಇಳಿದಾಗ ಪ್ರವಾಹ ಏರುವುದೆಂದರೆ, ಸಣ್ಣ ವ್ಯತ್ಯಾಸಗಳ ಮಟ್ಟಿಗೆ, ಋಣ ರೋಧ. ಅದರ ಪರಿಮಾಣ ವೋಲ್ಟೇಜಿನ ವರ್ಗವನ್ನು ಸಾಮರ್ಥ್ಯದಿಂದ ಭಾಗಿಸಿದಷ್ಟು. ಮೇಲಿನ ಉದಾಹರಣೆಯಲ್ಲಿ 250 ಓಮ್. ಸಾಮಾನ್ಯ ರೋಧವು ಆಂದೋಲನವನ್ನು ಅಡಗಿಸುತ್ತದೆ, ಋಣ ರೋಧವು ಬೆಳೆಸುತ್ತದೆ. ಆದುದರಿಂದಲೇ ವೋಲ್ಟೇಜು ಒಂದು ಮಿತಿಗಿಂತ ಕೆಳಗಿಳಿದೊಡನೆ ಪ್ರವಾಹವನ್ನೂ ಇಳಿಸುವಂತೆ ನಿಯಂತ್ರಕವನ್ನು ರಚಿಸುತ್ತಾರೆ. ಸ್ವಲ್ಪ ಹೊತ್ತು ಕಡಿಮೆ ಸಾಗಿಸುವುದು ಪೂರ್ತಿ ನಿಲ್ಲುವುದಕ್ಕಿಂತ ಮೇಲು.

2021ರಲ್ಲಿ ಆರಂಭವಾದ ಪುಗಳೂರು–ತ್ರಿಶ್ಶೂರು ಮಾರ್ಗದಲ್ಲಿ ಮುಚ್ಚು ಎಂದರೆ ಮುಚ್ಚುವ ಟ್ರಾನ್ಸಿಸ್ಟರುಗಳಿವೆ. ಅಂತಹವುಗಳಲ್ಲಿ ಸರದಿ ತಪ್ಪುವ ಭಯವಿಲ್ಲ. ಆದರೆ ಸ್ಥಿರ ಸಾಮರ್ಥ್ಯವನ್ನು ಸೆಳೆಯುವ ಪರಿವರ್ತಕ ಯಾವುದೇ ಆಗಲಿ, ಋಣ ರೋಧ ಅದನ್ನು ಬಿಡದು.