ಊರ ಹೆಸರಿಗೆ ವರ್ಷ ವರ್ಷ ಗೇಣಿ

ಡೊಮೈನ್ ಹೆಸರು ಕೊಂಡೆ ಎಂದು ನಾವೆಲ್ಲ ಹೇಳುವುದುಂಟು. ನಿಜಕ್ಕೆ ಅದನ್ನು ಯಾರೂ ಕೊಂಡಿರುವುದಿಲ್ಲ; ಗೇಣಿಗೆ ಹಿಡಿದಿರುತ್ತಾರೆ, ಅಷ್ಟೆ. ಡಾಟ್ ಇನ್ ಹೆಸರುಗಳ ಪಟ್ಟಿ ಇರುವುದು ನಿಕ್ಸಿ ಎಂಬ ಸಂಸ್ಥೆಯ ಕೈಯಲ್ಲಿ. ಒಂದು ಹೆಸರನ್ನು ಒಟ್ಟಿಗೆ ಹೆಚ್ಚೆಂದರೆ 10 ವರ್ಷಕ್ಕೆ ಬರೆಸಬಹುದು. ದುಡ್ಡು ಕಟ್ಟದಿದ್ದರೆ ಸ್ವಲ್ಪ ದಿನ ಕಾಯುತ್ತಾರೆ, ಆಮೇಲೆ ಅದು ಮತ್ತೆ ಸಂತೆಗೆ ಬರುತ್ತದೆ. 1970ರಲ್ಲಿ ಕೇರಳದ ಭೂಸುಧಾರಣೆ ನಮ್ಮ ಕಾಸರಗೋಡು ಕಡೆಯ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಇಂಟರ್‌ನೆಟ್ಟಿಗೆ ಅಂಥ ಕಾನೂನು ಇನ್ನೂ ಬಂದಿಲ್ಲ.

ಡಾಟ್ ಇನ್ ಸಾರ್ವಜನಿಕರಿಗೆ ಮುಕ್ತವಾದದ್ದು 2005ರಲ್ಲಿ. ಹೆಸರು ಹಿಡಿದಿಟ್ಟು ಮಾರುವ ಈ ವ್ಯಾಪಾರಕ್ಕೆ ನಾನು ಇಳಿಯುವ ಹೊತ್ತಿಗೆ ಚಿಕ್ಕ ಚಂದದ ಇಂಗ್ಲಿಷ್ ಪದಗಳೆಲ್ಲ ಯಾರ್ಯಾರದೋ ಪಾಲಾಗಿದ್ದವು. ಉಳಿದದ್ದು ಊರ ಹೆಸರುಗಳು, ಅಡಿಕೆ, ತೆಂಗು, ಹೋಂಸ್ಟೇ. ಕಾಸರಗೋಡಿನಲ್ಲಿ ಕೂತು ಊರ ಹೆಸರು ಹಿಡಿಯುವುದು ಸುಲಭವಲ್ಲ. ಜಿಲ್ಲೆಯ ಹೆಸರನ್ನೇ ಇಂಗ್ಲಿಷಿನಲ್ಲಿ ಕೊನೆಗೆ ಇ ಹಚ್ಚಿ ಬರೆಯುವವರಿದ್ದಾರೆ, ಹಚ್ಚದವರಿದ್ದಾರೆ, ನಡುವಿನ ಎ ನುಂಗುವವರೂ ಇದ್ದಾರೆ. ಕನ್ನಡದವರಿಗೆ ಮಂಜೇಶ್ವರ, ಮಲಯಾಳದವರಿಗೆ ಮಂಜೇಶ್ವರಂ. ನಮಗೆ ಕುಂಬಳೆ, ಅವರಿಗೆ ಕುಂಬಳ. ಎಲ್ಲ ರೂಪಗಳನ್ನೂ ಹಿಡಿದಿಟ್ಟರೆ ಗೇಣಿ ನಾಲ್ಕು ಪಟ್ಟು, ಗಿರಾಕಿ ಮಾತ್ರ ಒಬ್ಬನೇ. ಅವನಿಗೆ ಬೇಕಾದದ್ದು ಅವನ ಅಂಗಡಿಯ ಬೋರ್ಡಿನಲ್ಲಿರುವ ಸ್ಪೆಲಿಂಗ್. ಅದನ್ನು ತೀರ್ಮಾನ ಮಾಡಿದವನು ಬೋರ್ಡು ಬರೆದ ಪೈಂಟರ್! ಹಾಗಾಗಿ ಈಗ ಹೆಸರು ಹಿಡಿಯುವ ಮೊದಲು ಪೇಟೆಯಲ್ಲಿ ಒಂದು ಸುತ್ತು ಹೊಡೆದು ಬೋರ್ಡುಗಳನ್ನು ಓದುತ್ತೇನೆ.

ಗಿರಾಕಿಗಳು ಎಲ್ಲಿಯವರು ಎಂಬುದನ್ನೂ ನೋಡಬೇಕು. ಬೇಕಲ ಕೋಟೆಯ ಸುತ್ತಿನ ಹೋಂಸ್ಟೇಗಳವರು ಡಾಟ್ ಇನ್ ಕೇಳುತ್ತಾರೆ. ದುಬೈಯಲ್ಲಿ ಅಂಗಡಿ ಇಟ್ಟ ನಮ್ಮ ಊರಿನವರಿಗೆ ಡಾಟ್ ಎಇ ಬೇಕು. ಹೆಚ್ಚಿನ ಚಿಲ್ಲರೆ ವ್ಯಾಪಾರಿಗಳಿಗೆ ಎರಡೂ ಬೇಡ, ವಾಟ್ಸಾಪ್ ಸಾಕು. ಅವರಿಗೆ ಡೊಮೈನ್ ಮಾರಲು ಹೋಗಿ ಚಹಾ ಕುಡಿದು ಬಂದದ್ದೇ ಲಾಭ.

'ಅಡಿಕೆ ಸಹಕಾರಿ ಸಂಸ್ಥೆ ಇದೆಯಲ್ಲ, ಕ್ಯಾಂಪ್ಕೊ ಅಂತ ಹಿಡಿ, ಅವರೇ ಬಂದು ಕೊಳ್ಳುತ್ತಾರೆ' ಎಂಬಂಥ ಸಲಹೆ ಕೊಡುವವರಿಗೆ ಕಡಿಮೆಯಿಲ್ಲ. ಕೊಳ್ಳುವುದಿಲ್ಲ, ದೂರು ಕೊಡುತ್ತಾರೆ. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟೆಂದು ಸುಪ್ರೀಂ ಕೋರ್ಟು 2004ರಲ್ಲೇ ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಮೊಕದ್ದಮೆಯಲ್ಲಿ ಹೇಳಿತು. ಡಾಟ್ ಇನ್‌ಗೆ ಪ್ರತ್ಯೇಕ ಪಂಚಾಯ್ತಿಕೆಯೂ ಇದೆ. ಅಲ್ಲಿ ಹೆಸರನ್ನು ನೋಂದಾಯಿಸಿದ್ದಾಗಲಿ ಬಳಸಿದ್ದಾಗಲಿ, ಎರಡರಲ್ಲಿ ಒಂದು ದುರುದ್ದೇಶದ್ದೆಂದು ತೋರಿದರೂ ಸಾಕು. ನಿಮಗೆ ಆ ಹೆಸರಿನ ಮೇಲೆ ನ್ಯಾಯವಾದ ಹಕ್ಕಿಲ್ಲದಿದ್ದರೆ ಹೆಸರು ಕೈಬಿಟ್ಟ ಹಾಗೆಯೇ.

ಇನ್ನು ಹೊರದೇಶದ ಕೋಡುಗಳು. ಅಂಗ್ವಿಲ ಎಂಬ ಪುಟ್ಟ ದ್ವೀಪದ ಡಾಟ್ ಎಐ ಕೃತಕ ಬುದ್ಧಿಮತ್ತೆಯ ಅಲೆಯಲ್ಲಿ ಚಿನ್ನವಾಯಿತು. 2023ರಲ್ಲಿ ಅಲ್ಲಿನ ಸರಕಾರದ ವರಮಾನದ ಐದನೇ ಒಂದು ಪಾಲಿಗೂ ಹೆಚ್ಚು ಬಂದದ್ದು ಅದರಿಂದಲೇ. ಶ್ರೀಮಂತವಾದದ್ದು ದ್ವೀಪ, ಹೆಸರು ಹಿಡಿದು ಕೂತವರಲ್ಲಿ ಕೆಲವರಷ್ಟೇ. ಡಾಟ್ ಎಐ ಅನ್ನು ಕನಿಷ್ಠ ಎರಡು ವರ್ಷಕ್ಕೆ ಬರೆಸಬೇಕು, ದರವೂ ದುಬಾರಿ. ದೇಶದ ಹಣೆಬರಹವೇ ಹೆಸರಿನ ಹಣೆಬರಹ. ಯುಗೊಸ್ಲಾವಿಯದ ಡಾಟ್ ವೈಯು 2010ರಲ್ಲಿ ಅಳಿದುಹೋಯಿತು. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟಾಗ ಅಲ್ಲಿನ ಸಾವಿರಾರು ಜನರ ಡಾಟ್ ಇಯು ಹೆಸರುಗಳು ಕೈತಪ್ಪಿದವು. ಚಾಗೋಸ್ ದ್ವೀಪಗಳನ್ನು ಮಾರಿಷಸ್ಸಿಗೆ ಕೊಡುವ ಒಪ್ಪಂದಕ್ಕೆ 2025ರಲ್ಲಿ ಸಹಿ ಬಿದ್ದಂದಿನಿಂದ ಆ ದ್ವೀಪಗಳ ಕೋಡಾದ ಡಾಟ್ ಐಒ ಹಿಡಿದವರಿಗೆ ನಿದ್ದೆ ಕಡಿಮೆ.

ನಮ್ಮಲ್ಲಿ ಕೆಲವರಿಗೆ ಇನ್ನೊಂದು ಹುಮ್ಮಸ್ಸು. ಕಂಪ್ಯೂಟರಿನಲ್ಲಿ ಕನ್ನಡದ ಗುರುತು ಕೆಎನ್, ಮಲಯಾಳದ್ದು ಎಂಎಲ್. ಅವನ್ನೇ ಹಿಡಿಯೋಣ ಎನ್ನುತ್ತಾರೆ. ಡೊಮೈನ್ ಲೋಕದಲ್ಲಿ ಡಾಟ್ ಕೆಎನ್ ಸೇಂಟ್ ಕಿಟ್ಸ್ ಮತ್ತು ನೆವಿಸ್‌ನದು, ಡಾಟ್ ಎಂಎಲ್ ಆಫ್ರಿಕದ ಮಾಲಿಯದು. ಡಾಟ್ ಎಂಎಲ್ ವರ್ಷಗಟ್ಟಲೆ ಪುಕ್ಕಟೆ ಸಿಗುತ್ತಿತ್ತು. 2023ರಲ್ಲಿ ಗುತ್ತಿಗೆ ಮುಗಿದು ಮಾಲಿ ಸರಕಾರದ ಕೈಗೆ ಹೋಯಿತು.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಇದೆಯಲ್ಲ? ಇದೆ, ನಾನೂ ಒಂದು ಇಟ್ಟುಕೊಂಡಿದ್ದೇನೆ. ಬ್ರೌಸರಿನಲ್ಲಿ ಚಂದವಾಗಿ ತೆರೆಯುತ್ತದೆ. ಆದರೆ ಒಳಗಿಂದ ಅದು ಎಕ್ಸ್‌ಎನ್ ಎಂದು ಶುರುವಾಗುವ ರೋಮನ್ ಅಕ್ಷರಗಳ ಸರಮಾಲೆ. ಅದರ ಇಮೇಲ್ ವಿಳಾಸವನ್ನು ಎಷ್ಟೋ ಅರ್ಜಿ ನಮೂನೆಗಳು ತಪ್ಪೆಂದು ತಳ್ಳುತ್ತವೆ. ಕೊಳ್ಳುವವರಂತೂ ಒಬ್ಬರೂ ಕೇಳಿ ಬಂದಿಲ್ಲ. ಅಭಿಮಾನಕ್ಕೆ ಇಡಬಹುದು, ಬಂಡವಾಳದ ಲೆಕ್ಕದಲ್ಲಿ ಬರೆಯಬೇಡಿ.

ಕೊನೆಗೆ ಹೂಡಿಕೆದಾರರಿಗಲ್ಲ, ನಮ್ಮ ಊರಿನ ಹೋಂಸ್ಟೇ, ಸಹಕಾರಿ ಸಂಘ, ಯಕ್ಷಗಾನ ಸಂಘಗಳವರಿಗೆ ಒಂದು ಮಾತು. ವೆಬ್‌ಸೈಟು ಮಾಡಿಕೊಟ್ಟ ಹುಡುಗ ಡೊಮೈನನ್ನು ತನ್ನ ಹೆಸರಲ್ಲೇ ಬರೆಸಿರುವುದು ಮಾಮೂಲು. ಅವನು ಗಲ್ಫಿಗೆ ಹೋದ ಮೇಲೆ ಹುಡುಕಾಟ ಶುರುವಾಗುತ್ತದೆ. ಇವತ್ತೇ ಕೇಳಿ ನೋಡಿ: ನೋಂದಣಿ ಯಾರ ಹೆಸರಲ್ಲಿದೆ, ಇಮೇಲ್ ಯಾರದು, ಅವಧಿ ಯಾವಾಗ ಮುಗಿಯುತ್ತದೆ. ನಿಮ್ಮ ಹೆಸರಲ್ಲಿ ಇಲ್ಲದಿದ್ದರೆ ಬದಲಾಯಿಸಿಕೊಳ್ಳಿ.