ಆಮ್ಲಜನಕ ಕೊರತೆ ಮತ್ತು ಮೀನಿನ ಬೆಳವಣಿಗೆ

• ಹೈಪಾಕ್ಸಿಯಾ: ನೀರಿನಲ್ಲಿ ಕರಗಿದ ಆಮ್ಲಜನಕದ ಕೊರತೆ. ಸಾಮಾನ್ಯವಾಗಿ ಬಳಸುವ ಮಿತಿ: ಲೀಟರಿಗೆ 2 ಮಿ.ಗ್ರಾಂ.ಗಿಂತ ಕಡಿಮೆ.

• ಕಾರಣಗಳು: ಸಾರಜನಕ, ರಂಜಕಯುಕ್ತ ತ್ಯಾಜ್ಯದಿಂದ ಪಾಚಿ ಹೆಚ್ಚಿ ಕೊಳೆಯುವುದು (ಯುಟ್ರೊಫಿಕೇಶನ್); ನೀರಿನ ತಾಪ ಏರಿಕೆ.

• ಭ್ರೂಣದ ಉಸಿರಾಟ: ಕಿವಿರುಗಳು ರೂಪುಗೊಳ್ಳುವ ಮೊದಲು, ಮೊಟ್ಟೆಯ ಪೊರೆಯ ಮೂಲಕ ವಿಸರಣೆಯಿಂದ. ಮೊಟ್ಟೆ ಓಡಿಹೋಗಲಾರದು, ಆದ್ದರಿಂದ ಅಪಾಯ ಹೆಚ್ಚು.

• ಪರಿಣಾಮಗಳು: ಸಾಲ್ಮನ್ ಭ್ರೂಣಗಳ ಬೆಳವಣಿಗೆ ಕುಂಠಿತವಾಗಿ ಚಿಕ್ಕ ಮರಿಗಳು ಹೊರಬರುತ್ತವೆ. ಜೀಬ್ರಾ ಮೀನಿನಲ್ಲಿ ಗಂಡುಗಳ ಪ್ರಮಾಣ ಏರಿದ್ದು ಪ್ರಯೋಗದಲ್ಲಿ ಕಂಡಿದೆ. ತೀವ್ರ ಕೊರತೆಯಲ್ಲಿ ಹೃದಯ ಬಡಿತ ನಿಧಾನವಾಗುತ್ತದೆ.

• ಜೀವಕೋಶದ ಸ್ಪಂದನೆ: ಎಚ್‌ಐಎಫ್ (ಹೈಪಾಕ್ಸಿಯಾ-ಪ್ರೇರಿತ ಅಂಶ) ಪ್ರೋಟೀನ್ ಆಮ್ಲಜನಕ ಕಡಿಮೆಯಾದಾಗ ಜೀನ್‌ಗಳನ್ನು ನಿಯಂತ್ರಿಸುತ್ತದೆ. ಆಮ್ಲಜನಕ ಗ್ರಹಿಕೆಯ ಸಂಶೋಧನೆಗೆ 2019ರ ವೈದ್ಯಕೀಯ ನೊಬೆಲ್: ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ.

• ನೆನಪಿಡಿ: ತಾಪ ಏರಿದಂತೆ ನೀರಿನಲ್ಲಿ ಆಮ್ಲಜನಕದ ಕರಗುವಿಕೆ ಇಳಿಯುತ್ತದೆ, ಮೀನಿನ ಬೇಡಿಕೆ ಏರುತ್ತದೆ.